ಹತ್ತು ಮೀಟರ್ ಕಂಬ, ಮೂವತ್ತಾರು ಕಿಲೋಮೀಟರ್ ಅಲೆ: ಅತಿ ಕಡಿಮೆ ಆವರ್ತನದ ರೇಡಿಯೊ ಮನೆಯಲ್ಲಿ ಸಾಧ್ಯವೇ?

ಪ್ರಶ್ನೆ: ನನಗೆ ಹವ್ಯಾಸಿ ರೇಡಿಯೊ ಪರವಾನಗಿ ಇದೆ. 8.27 ಕಿಲೋಹರ್ಟ್ಸ್‌ನಂಥ ಕಡಿಮೆ ಆವರ್ತನದಲ್ಲಿ ಹ್ಯಾಮ್‌ಗಳು ಸಾವಿರಾರು ಕಿ.ಮೀ. ದೂರಕ್ಕೆ ಸಂಕೇತ ಕಳಿಸಿದ್ದಾರೆ ಎಂದು ಓದಿ ಆಸೆ ಹುಟ್ಟಿತು. ಒಂದು ಮೀಟರ್ ಚೌಕದ ಮರದ ಚೌಕಟ್ಟಿಗೆ 0.5 ಮಿ.ಮೀ. ವೈಂಡಿಂಗ್ ವೈರನ್ನು 50 ಸುತ್ತು ಸುತ್ತಿ, ತುದಿಗಳನ್ನು ನೇರವಾಗಿ ಲ್ಯಾಪ್‌ಟಾಪಿನ ಮೈಕ್ ಜ್ಯಾಕ್‌ಗೆ ಕೊಟ್ಟೆ. ವಾಟರ್‌ಫಾಲ್ ಚಿತ್ರದಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಬಲದ ಸಂಕೇತವಿದೆ ಎಂದು ಹೊತ್ತು ಕಳೆದಂತೆ ತೋರಿಸುವ ಚಿತ್ರ) 50 ಹರ್ಟ್ಸ್‌ಗೊಂದರಂತೆ ಗೆರೆಗಳೇ ತುಂಬಿವೆ. 19.8 ಕಿಲೋಹರ್ಟ್ಸ್ ಬಳಿ ಮಸುಕಾದ ಅಗಲ ಪಟ್ಟಿಯೊಂದಿದೆ, ಅದೂ ಗದ್ದಲವೇ ಇರಬೇಕು. ಕಿಲೋಮೀಟರ್‌ಗಟ್ಟಲೆ ಆಂಟೆನಾ ಇಲ್ಲದೆ ಇದಾಗದು ಎಂದು ಸ್ನೇಹಿತರು ಹೇಳುತ್ತಾರೆ. ನನ್ನ ಬಳಿ 100 ವಾಟಿನ ಆಡಿಯೊ ಆಂಪ್ಲಿಫೈಯರ್ ಇದೆ. ಅದನ್ನು 10 ಮೀಟರ್ ಕಂಬದ ತಂತಿಗೋ, 20 ಮೀಟರ್ ದೂರದಲ್ಲಿ ನೆಲಕ್ಕೆ ಹೊಡೆದ ಎರಡು ಸರಳುಗಳಿಗೋ ಜೋಡಿಸಿ ಪ್ರಸಾರ ಮಾಡಬಹುದೇ? ಆಡಿಯೊ ಆವರ್ತನ ತಾನೆ, ಅಪಾಯವೇನಿದೆ? 9 ಕಿಲೋಹರ್ಟ್ಸ್‌ಗಿಂತ ಕೆಳಗೆ ಪರವಾನಗಿಯೇ ಬೇಡ ಎನ್ನುವುದು ನಿಜವೇ?

ಉತ್ತರ: ನೀವು ಗದ್ದಲವೆಂದು ಬದಿಗಿಟ್ಟ ಆ 19.8ರ ಪಟ್ಟಿಯೇ ಬಹುಮಟ್ಟಿಗೆ ನಿಮ್ಮ ಮೊದಲ ಯಶಸ್ಸು. ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮೌತ್ ಬಳಿ ಎನ್‌ಡಬ್ಲ್ಯುಸಿ ಎಂಬ ಪ್ರಸಾರ ಕೇಂದ್ರವಿದೆ. ಮುಳುಗಿರುವ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವುದು ಅದರ ಕೆಲಸ, ಆವರ್ತನ 19.8 ಕಿಲೋಹರ್ಟ್ಸ್, ಶಕ್ತಿ 1 ಮೆಗಾವಾಟ್. ಅದು ಮೋರ್ಸ್ ಕಳಿಸುವುದಿಲ್ಲ. ಸೆಕೆಂಡಿಗೆ 200 ಬಿಟ್ ವೇಗದಲ್ಲಿ ಗೂಢಲಿಪಿಯ ದತ್ತಾಂಶ ಕಳಿಸುತ್ತದೆ. ಆದ್ದರಿಂದ ಪರದೆಯ ಮೇಲೆ ತೆಳುಗೆರೆ ಕಾಣದೆ, ಒಂದೆರಡು ನೂರು ಹರ್ಟ್ಸ್ ಅಗಲದ ಪಟ್ಟಿ ಕಾಣುತ್ತದೆ. ಹೊಸಬರು ತೆಳುಗೆರೆಗಾಗಿ ಹುಡುಕಿ, ಇದನ್ನು ನೋಡಿಯೂ ನೋಡದೆ ಬಿಡುವುದು ತೀರಾ ಸಾಮಾನ್ಯ.

ಖಚಿತಪಡಿಸಿಕೊಳ್ಳುವುದು ಸುಲಭ. ಲೂಪನ್ನು, ಅಂದರೆ ನೀವು ತಂತಿ ಸುತ್ತಿದ ಚೌಕಟ್ಟನ್ನು, ನಿಧಾನವಾಗಿ ತಿರುಗಿಸಿ. ನಿಜವಾದ ಕೇಂದ್ರವಾದರೆ ಚೌಕಟ್ಟಿನ ಅಂಚು ಕೇಂದ್ರದ ಕಡೆ ಇದ್ದಾಗ ಪಟ್ಟಿ ಗಾಢವಾಗುತ್ತದೆ, ಅಲ್ಲಿಂದ 90 ಡಿಗ್ರಿ ತಿರುಗಿಸಿದರೆ ಬಹುತೇಕ ಮಾಯವಾಗುತ್ತದೆ. ಲೂಪನ್ನು ನಾಲ್ಕು ಮೀಟರ್ ಆಚೆ ಒಯ್ದರೂ ಆ ದಿಕ್ಕು ಬದಲಾಗದು. ಮನೆಯ ಚಾರ್ಜರ್ ಅಥವಾ ಎಲ್‌ಇಡಿ ದೀಪದ ಗದ್ದಲವಾದರೆ ಜಾಗ ಬದಲಾದಂತೆ ದಿಕ್ಕೂ ಬದಲಾಗುತ್ತದೆ, ಆವರ್ತನವೂ ಬಿಸಿ ಏರಿದಂತೆ, ಲೋಡ್ ಬದಲಾದಂತೆ ತೇಲುತ್ತದೆ. ಪಟ್ಟಿ 19.8ರ ಮೇಲೆ ಕದಲದೆ ನಿಂತಿದ್ದರೆ ಅನುಮಾನ ಬೇಡ. ಬಳಿಕ 18.2ರಲ್ಲಿ ತಿರುನೆಲ್ವೇಲಿ ಜಿಲ್ಲೆಯ ಭಾರತೀಯ ನೌಕಾಪಡೆಯ ಕೇಂದ್ರ, 22.2ರಲ್ಲಿ ಜಪಾನಿನ ಎಬಿನೊ, 23.4ರಲ್ಲಿ ಜರ್ಮನಿಯ ರೌಡರ್‌ಫೆನ್, 24.0ರಲ್ಲಿ ಅಮೆರಿಕದ ಕಟ್ಲರ್ ಹುಡುಕಿ. ಎಲ್ಲವೂ ಎಲ್ಲೆಡೆ ಸಿಗುವುದಿಲ್ಲ. ಎರಡು ಮೂರು ಸಿಕ್ಕರೂ ಸಾಕು.

ಕಿಲೋಮೀಟರ್ ಉದ್ದದ ಆಂಟೆನಾ ಯಾರಿಗೆ ಬೇಕು

ನಿಮ್ಮ ಸ್ನೇಹಿತರ ಮಾತು ಅರ್ಧ ಸತ್ಯ. ಪ್ರಸಾರ ಮಾಡುವವರಿಗೆ ದೊಡ್ಡ ಆಂಟೆನಾ ಬೇಕೇ ಬೇಕು. ಎಕ್ಸ್‌ಮೌತಿನ ನಡುಗೋಪುರವೇ 387 ಮೀಟರ್ ಎತ್ತರವಿದೆ. ಆಲಿಸುವವರಿಗೆ ಲೆಕ್ಕ ಬೇರೆ. ಈ ಆವರ್ತನಗಳಲ್ಲಿ ಜಗತ್ತಿನ ಎಲ್ಲೆಲ್ಲಿಯದೋ ಸಿಡಿಲುಗಳ ಗದ್ದಲ ಸದಾ ಹರಡಿಕೊಂಡಿರುತ್ತದೆ, ಅದೂ ರಿಸೀವರಿನ ಸ್ವಂತ ಗದ್ದಲಕ್ಕಿಂತ ಬಹಳ ಜೋರಾಗಿ. ಆಂಟೆನಾ ಚಿಕ್ಕದಾದರೆ ಸಂಕೇತವೂ ಸಿಡಿಲಿನ ಗದ್ದಲವೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ, ಅವುಗಳ ಅನುಪಾತ ಹಾಗೇ ಉಳಿಯುತ್ತದೆ. ಸಿಡಿಲಿನ ಗದ್ದಲ ಪ್ರೀಆಂಪ್ಲಿಫೈಯರಿನ (ದುರ್ಬಲ ಸಂಕೇತವನ್ನು ಮೊದಲು ಹಿಗ್ಗಿಸುವ ಸರ್ಕಿಟ್) ಗದ್ದಲಕ್ಕಿಂತ ಮೇಲಿರುವಷ್ಟು ಆಂಟೆನಾ ಇದ್ದರೆ ಮುಗಿಯಿತು. ಅದಕ್ಕಿಂತ ದೊಡ್ಡದು ಮಾಡಿ ಸಿಗುವುದು ಏನೂ ಇಲ್ಲ.

ನಿಮ್ಮ ಲೂಪಿನ ಲೆಕ್ಕ ನೋಡೋಣ. 1 ಚದರ ಮೀಟರ್, 50 ಸುತ್ತು. 19.8 ಕಿಲೋಹರ್ಟ್ಸ್‌ನ ಅಲೆಯುದ್ದ ಸುಮಾರು 15.15 ಕಿ.ಮೀ. ಸುತ್ತುಗಳ ಸಂಖ್ಯೆಯನ್ನು ವಿಸ್ತೀರ್ಣದಿಂದ ಮತ್ತು 6.28ರಿಂದ ಗುಣಿಸಿ ಅಲೆಯುದ್ದದಿಂದ ಭಾಗಿಸಿದರೆ ಸಿಗುವ ಪರಿಣಾಮಕಾರಿ ಎತ್ತರ ಬರೀ 2 ಸೆಂ.ಮೀ. ಎನ್‌ಡಬ್ಲ್ಯುಸಿಯ ಕ್ಷೇತ್ರ ನಿಮ್ಮಲ್ಲಿ ಮೀಟರಿಗೆ 1 ಮಿಲಿವೋಲ್ಟ್ ಎಂದಿಟ್ಟುಕೊಂಡರೆ ಲೂಪಿನಲ್ಲಿ ಹುಟ್ಟುವುದು ಸುಮಾರು 20 ಮೈಕ್ರೋವೋಲ್ಟ್. ಇದು ಸಾಲುತ್ತದೆ. ತೊಂದರೆ ಇರುವುದು ಮುಂದಿನ ಲೆಕ್ಕದಲ್ಲಿ. ಮನೆಯೊಳಗಿನ 50 ಹರ್ಟ್ಸ್ ಕಾಂತಕ್ಷೇತ್ರ 0.1 ಮೈಕ್ರೋಟೆಸ್ಲಾ ಮಾತ್ರ ಇದ್ದರೂ ಅದೇ ಲೂಪಿನಲ್ಲಿ 1.5 ಮಿಲಿವೋಲ್ಟ್‌ಗೂ ಹೆಚ್ಚು ಹುಟ್ಟುತ್ತದೆ, ಅಂದರೆ ಕೇಂದ್ರದ ಸಂಕೇತಕ್ಕಿಂತ 75 ಪಟ್ಟು. ಸಂಕೇತ ದುರ್ಬಲವಾಗಿರುವುದಕ್ಕಿಂತ ಗದ್ದಲ ಬಲವಾಗಿರುವುದೇ ನಿಮ್ಮ ಸಮಸ್ಯೆ. ಆಲಿಸುವ ಕೆಲಸದಲ್ಲಿ ಶ್ರಮವೆಲ್ಲ ಹೋಗಬೇಕಾದದ್ದು ಆ ಕಡೆಗೆ.

ಮೈಕ್ ಜ್ಯಾಕ್‌ನಲ್ಲಿ ಏನು ತಪ್ಪಾಯಿತು

ಮೂರು ತಪ್ಪುಗಳಿವೆ. ಮೈಕ್ ಜ್ಯಾಕ್‌ನಲ್ಲಿ ಮೈಕಿಗೆಂದು ಕೆಲವು ವೋಲ್ಟಿನ ಡಿಸಿ ಸದಾ ಇರುತ್ತದೆ. ನಿಮ್ಮ ಲೂಪಿನ ತಂತಿ ಒಟ್ಟು 200 ಮೀಟರ್, ಪ್ರತಿರೋಧ ಸುಮಾರು 17.5 ಓಮ್. ಅದು ಆ ಡಿಸಿಯನ್ನು ಶಾರ್ಟ್ ಮಾಡುತ್ತದೆ, ಜೊತೆಗೆ ಆ ಪೂರೈಕೆಯ ಗದ್ದಲವನ್ನೂ ಒಳಗೆಳೆಯುತ್ತದೆ. ಎರಡನೆಯದು, ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಮೈಕಿಗೆ ‘ನಾಯ್ಸ್ ಸಪ್ರೆಷನ್’, ‘ಎಕೋ ಕ್ಯಾನ್ಸಲೇಶನ್’, ತಂತಾನೆ ಏರಿಳಿಯುವ ಗೇನ್ ಮುಂತಾದವನ್ನು ಹಚ್ಚಿರುತ್ತದೆ. ಮಾತಲ್ಲದ, ಸದಾ ಒಂದೇ ಸಮ ಇರುವ ದನಿಯನ್ನು ಅಳಿಸುವುದೇ ಅವುಗಳ ಕೆಲಸ. ನಿಮಗೆ ಬೇಕಾದದ್ದು ಅಂಥ ದನಿಯೇ! ಸೆಟ್ಟಿಂಗ್‌ಗೆ ಹೋಗಿ ಎಲ್ಲವನ್ನೂ ಆರಿಸಿ. ಮೂರನೆಯದು ಸ್ಯಾಂಪ್ಲಿಂಗ್ ದರ. 48 ಕಿಲೋಹರ್ಟ್ಸ್ ದರದಲ್ಲಿ ಸೈದ್ಧಾಂತಿಕ ಮಿತಿ 24, ಒಳಗಿನ ಫಿಲ್ಟರ್ ಅದಕ್ಕೂ ಮೊದಲೇ ಕಡಿತ ಶುರು ಮಾಡುತ್ತದೆ. 96 ಅಥವಾ 192ರ ದರ ಮತ್ತು ಲೈನ್ ಇನ್‌ಪುಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳುವುದು ಈ ಹವ್ಯಾಸದಲ್ಲಿ ಹಣಕ್ಕೆ ತಕ್ಕ ಖರ್ಚು. 96 ಎಂದು ಬರೆದಿದ್ದರೂ ಕೆಲವು ಕಾರ್ಡ್‌ಗಳು 20ರ ಮೇಲೆ ಏನನ್ನೂ ಬಿಡುವುದಿಲ್ಲ. ಆಡಿಯೊ ಆಸಿಲೇಟರಿನಿಂದ 10ರಿಂದ 40 ಕಿಲೋಹರ್ಟ್ಸ್‌ವರೆಗೆ ಒಂದೇ ಮಟ್ಟದ ಸಂಕೇತ ಕೊಟ್ಟು ನೋಡಿದರೆ ಗುಟ್ಟು ರಟ್ಟಾಗುತ್ತದೆ.

ಲೂಪಿನ ಬುಡದಲ್ಲೇ ಒಂದು ಪ್ರೀಆಂಪ್ಲಿಫೈಯರ್ ಕಟ್ಟಿ. ಎನ್‌ಇ5534 ಐಸಿ ಸಾಕು, ಎರಡು 9 ವೋಲ್ಟ್ ಬ್ಯಾಟರಿಯಿಂದ ಪ್ಲಸ್–ಮೈನಸ್ ಪೂರೈಕೆ ಕೊಡಿ. ಲೂಪಿನ ಎರಡು ತುದಿಗಳ ನಡುವೆ 2.2 ಕಿಲೋಓಮ್ ರೆಸಿಸ್ಟರ್ ಹಾಕಿ. ನಿಮ್ಮ ಲೂಪಿನ ಇಂಡಕ್ಟೆನ್ಸ್ ಸುಮಾರು 9 ಮಿಲಿಹೆನ್ರಿ. ಒತ್ತಾಗಿ ಸುತ್ತಿದ್ದರೆ ಸುತ್ತುಗಳ ನಡುವಿನ ಕೆಪ್ಯಾಸಿಟೆನ್ಸ್ 1 ನ್ಯಾನೋಫ್ಯಾರಡ್‌ನ ಆಸುಪಾಸು ಬರುತ್ತದೆ, ಇವೆರಡೂ ಸೇರಿ 50 ಕಿಲೋಹರ್ಟ್ಸ್ ಹತ್ತಿರ ರೆಸೊನೆನ್ಸ್ ಹುಟ್ಟಿಸುತ್ತವೆ. ಆ ಏರನ್ನು ಈ ರೆಸಿಸ್ಟರ್ ತಗ್ಗಿಸುತ್ತದೆ. ಲೂಪಿನ ಒಂದು ತುದಿ ಗ್ರೌಂಡಿಗೆ, ಇನ್ನೊಂದು ತುದಿ 100 ಓಮ್ ಮೂಲಕ ಐಸಿಯ ಪ್ಲಸ್ ಇನ್‌ಪುಟ್‌ಗೆ. ಆ ಕಾಲಿನಿಂದ ಗ್ರೌಂಡಿಗೆ 1 ನ್ಯಾನೋಫ್ಯಾರಡ್ ಹಾಕಿದರೆ ಹತ್ತಿರದ ಮೀಡಿಯಂ ವೇವ್ ಕೇಂದ್ರ ಒಳನುಗ್ಗುವುದು ಕಡಿಮೆಯಾಗುತ್ತದೆ. ಮೈನಸ್ ಇನ್‌ಪುಟ್‌ನಿಂದ ಗ್ರೌಂಡಿಗೆ 100 ಓಮ್, ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ 10 ಕಿಲೋಓಮ್. ಗೇನ್ 101, ಅಂದರೆ 40 ಡೆಸಿಬೆಲ್. ಐಸಿಯ ಪಕ್ಕದಲ್ಲೇ ಎರಡೂ ಪೂರೈಕೆಗೆ 100 ನ್ಯಾನೋಫ್ಯಾರಡ್ ಬೇಕು. ಅದನ್ನು ಮರೆತರೆ ಐಸಿ ಮೆಗಾಹರ್ಟ್ಸ್‌ನಲ್ಲಿ ಆಸಿಲೇಟ್ ಆಗುತ್ತದೆ, ನಿಮಗೆ ಕಾಣುವುದು ಮಾತ್ರ ಕಾರಣವಿಲ್ಲದೆ ಏರಿದ ಗದ್ದಲದ ಮಟ್ಟ.

ಔಟ್‌ಪುಟ್ಟನ್ನು 10 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಮೂಲಕ ಲೈನ್ ಇನ್‌ಪುಟ್‌ಗೆ ಕೊಡಿ. ಕಾರ್ಡಿನ ಇನ್‌ಪುಟ್ 10 ಕಿಲೋಓಮ್ ಇದ್ದರೆ ಈ ಜೋಡಿ 1.6 ಕಿಲೋಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತದೆ, 50 ಹರ್ಟ್ಸ್ 30 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಒಂದು ಪುಟ್ಟ ಕೆಪ್ಯಾಸಿಟರ್ ಮಾಡುವ ಈ ಉಪಕಾರ ದೊಡ್ಡದು. ಹಮ್, ಅಂದರೆ ಈ 50 ಹರ್ಟ್ಸ್ ಗದ್ದಲ, ಸೌಂಡ್ ಕಾರ್ಡನ್ನು ತುಂಬಿಸಿ ಕ್ಲಿಪ್ ಮಾಡಿದರೆ (ಅಲೆಯ ಶಿಖರ ಕತ್ತರಿಸಿಹೋದರೆ) ಅದರ ಹಾರ್ಮೋನಿಕ್‌ಗಳು, ಅಂದರೆ 50ರ ಗುಣಕಗಳ ಆವರ್ತನಗಳು, ಕಾರ್ಡಿನ ಒಳಗೇ ಹುಟ್ಟುತ್ತವೆ. ಅವನ್ನು ಆಮೇಲೆ ಯಾವ ಸಾಫ್ಟ್‌ವೇರೂ ತೆಗೆಯಲಾರದು. ಮೀಟರಿನಲ್ಲಿ ಸಾಮಾನ್ಯ ಮಟ್ಟ ಪೂರ್ಣ ಪ್ರಮಾಣಕ್ಕಿಂತ 30 ಡೆಸಿಬೆಲ್ ಕೆಳಗೆ ಇರುವಂತೆ ಗೇನ್ ಹೊಂದಿಸಿ, ಸಿಡಿಲಿನ ಚಿಟಿಕೆಗಳಿಗೆ ಜಾಗ ಬೇಕು. ಒಂದೇ ಕೇಂದ್ರ ಸಾಕು ಎನ್ನುವವರು ಲೂಪನ್ನು ಟ್ಯೂನ್ ಕೂಡ ಮಾಡಬಹುದು: ಆಗ 2.2 ಕಿಲೋಓಮ್ ತೆಗೆದು, 19.8ಕ್ಕೆ ಸುಮಾರು 6 ನ್ಯಾನೋಫ್ಯಾರಡ್ ಸಮಾನಾಂತರವಾಗಿ ಹಾಕಿ ನಿಖರ ಬೆಲೆಯನ್ನು ಪ್ರಯೋಗದಿಂದ ಕಂಡುಕೊಳ್ಳಬೇಕು.

ಗದ್ದಲದ ಮೂಲ ಹುಡುಕುವುದು

ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಓಡಿಸುತ್ತಾ ಮನೆಯ ಮೇನ್ ಸ್ವಿಚ್ ಇಳಿಸಿ ಹತ್ತು ನಿಮಿಷ ರೆಕಾರ್ಡ್ ಮಾಡಿ. ಆ ಚಿತ್ರವೇ ನಿಮ್ಮ ಅಳತೆಗೋಲು. ಈಗ ಉಳಿದಿರುವುದು ನೆರೆಮನೆ, ಬೀದಿಯ ವೈರು ಮತ್ತು ಲ್ಯಾಪ್‌ಟಾಪಿನ ಗದ್ದಲ. ನಂತರ ಒಂದೊಂದೇ ಸರ್ಕಿಟ್ ಏರಿಸುತ್ತಾ ಹೋದರೆ ಯಾವ ಸಾಧನ ಯಾವ ಗೆರೆ ಹಾಕುತ್ತದೆ ಎಂಬುದು ಒಂದು ಸಂಜೆಯಲ್ಲಿ ತಿಳಿಯುತ್ತದೆ. 50ರ ಹಾರ್ಮೋನಿಕ್ ಸಾಲು ಕೆಲವು ಕಿಲೋಹರ್ಟ್ಸ್‌ವರೆಗೆ ಬಲವಾಗಿರುತ್ತದೆ. 10ರ ಮೇಲೆ ಕಾಡುವುದು ಚಾರ್ಜರ್, ಎಲ್‌ಇಡಿ ಡ್ರೈವರ್, ಯುಪಿಎಸ್, ಸೋಲಾರ್ ಇನ್ವರ್ಟರ್.

ದೂರದ ಶಕ್ತಿಯನ್ನು ಕಡೆಗಣಿಸಬೇಡಿ. ಚಾರ್ಜರಿನಂಥ ಪುಟ್ಟ ಸಾಧನದ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. 3 ಮೀಟರಿನಲ್ಲಿದ್ದ ಲೂಪನ್ನು 6 ಮೀಟರಿಗೆ ಒಯ್ದರೆ ಗದ್ದಲ ಎಂಟರಲ್ಲೊಂದು ಪಾಲಾಗುತ್ತದೆ, ಅಂದರೆ 18 ಡೆಸಿಬೆಲ್ ಲಾಭ. ಆಂಪ್ಲಿಫೈಯರ್ ಬದಲಿಸಿ ಇಷ್ಟು ಗಳಿಸಲು ಆಗುವುದೇ ಇಲ್ಲ. ಗೋಡೆಯೊಳಗಿನ ಜೋಡಿ ವೈರಿನ ಗದ್ದಲ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅರ್ತಿಂಗಿನಲ್ಲಿ ಸೋರುವ ಕರೆಂಟಿನದು ಇನ್ನೂ ನಿಧಾನವಾಗಿ. ಹಾಗಾಗಿ ಮನೆಯ ಅರ್ತ್ ವೈರಿನಿಂದ ದೂರವಿರುವುದಕ್ಕೆ ಹೆಚ್ಚು ಬೆಲೆಯಿದೆ. ಲೂಪಿನಿಂದ ಕಂಪ್ಯೂಟರಿಗೆ ಶೀಲ್ಡ್ ಇರುವ ಕೇಬಲ್ ಹಾಕಿ, ಕಂಪ್ಯೂಟರ್ ತುದಿಯಲ್ಲಿ 600 ಓಮ್‌ಗೆ 600 ಓಮ್ ಆಡಿಯೊ ಟ್ರಾನ್ಸ್‌ಫಾರ್ಮರ್ ಸೇರಿಸಿ. ಆಗ ಗ್ರೌಂಡ್ ಲೂಪ್ ಕಡಿದುಹೋಗುತ್ತದೆ. ಆದರೆ ಟ್ರಾನ್ಸ್‌ಫಾರ್ಮರ್ ಸೇರಿಸಿದಾಗ ಇನ್‌ಪುಟ್ ಇಂಪೀಡೆನ್ಸ್ ಬದಲಾಗುವುದರಿಂದ 10 ನ್ಯಾನೋಫ್ಯಾರಡಿನ ಕಡಿತದ ಆವರ್ತನವನ್ನು ಮತ್ತೆ ಅಳೆದು ನೋಡಬೇಕು.

ಲೂಪಿಗೆ ಬದಲು ಒಂದು ಮೀಟರಿನ ನೆಟ್ಟಗಿನ ಸರಳಿಗೆ ಜೆ310ರಂಥ ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಜೋಡಿಸಿ ಆಲಿಸುವವರೂ ಇದ್ದಾರೆ. ಸರಳಿನ ಕೆಪ್ಯಾಸಿಟೆನ್ಸ್ ಬರೀ 10 ಪಿಕೋಫ್ಯಾರಡ್, ಆದ್ದರಿಂದ ಗೇಟಿಗೆ 10 ಮೆಗಾಓಮ್ ಬೇಕು, ಗೇಟಿನ ಮುಂದೆ 100 ಕಿಲೋಓಮ್ ಸರಣಿಯಲ್ಲಿರಬೇಕು. ಬಯಲಿನಲ್ಲಿ ಇದು ಲೂಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಯೊಳಗೆ, ಮರದ ಕೆಳಗೆ, ಕಟ್ಟಡಗಳ ಸಂದಿಯಲ್ಲಿ ವಿದ್ಯುತ್ ಕ್ಷೇತ್ರವೇ ತಲುಪದ ಕಾರಣ ನಿಷ್ಪ್ರಯೋಜಕ. ನಿಮ್ಮ ಸದ್ಯದ ಸ್ಥಿತಿಗೆ ಲೂಪೇ ಸರಿ.

ಇಷ್ಟಾದ ಮೇಲೆ ಒಂದು ಕೇಂದ್ರದ ಮಟ್ಟವನ್ನು 24 ಗಂಟೆ ದಾಖಲಿಸಿ. ಹಗಲಿನಲ್ಲಿ ಈ ಅಲೆಗಳು ಸುಮಾರು 70 ಕಿ.ಮೀ. ಎತ್ತರದ ಅಯಾನು ಪದರದಿಂದ, ರಾತ್ರಿ 85–90 ಕಿ.ಮೀ. ಎತ್ತರದಿಂದ ಪ್ರತಿಫಲಿಸುತ್ತವೆ. ಸೂರ್ಯೋದಯ, ಸೂರ್ಯಾಸ್ತದ ಹೊತ್ತಿಗೆ ಮಟ್ಟ ತಗ್ಗಿ ಏಳುವುದು ಇದರಿಂದಲೇ. ದಾರಿಯಲ್ಲಿ ಹಗಲಿದ್ದಾಗ ಸೌರಜ್ವಾಲೆ ಭುಗಿಲೆದ್ದರೆ ಗೆರೆ ಕೆಲವೇ ನಿಮಿಷದಲ್ಲಿ ಚಿಮ್ಮುತ್ತದೆ ಅಥವಾ ಕುಸಿಯುತ್ತದೆ, ಮೊದಲ ಮಟ್ಟಕ್ಕೆ ಮರಳಲು ಅರ್ಧದಿಂದ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಚೌಕಾಕಾರವಾಗಿ ನೇರ ಸೊನ್ನೆಗೆ ಬಿದ್ದರೆ ಕೇಂದ್ರ ದುರಸ್ತಿಗೆ ನಿಂತಿದೆ ಎಂದರ್ಥ, ಸೂರ್ಯನ ಕೈವಾಡವಲ್ಲ. ರಾತ್ರಿ ಹೆಡ್‌ಫೋನ್ ಹಾಕಿಕೊಂಡರೆ ಸಿಡಿಲಿನ ಚಟಪಟದ ನಡುವೆ ತಂತಿ ಮೀಟಿದಂಥ ‘ಟ್ವೀಕ್’ಗಳು ಕೇಳಿಸುತ್ತವೆ. ನೆಲಕ್ಕೂ ಅಯಾನು ಪದರಕ್ಕೂ ನಡುವಿನ ಕೊಳವೆಯಲ್ಲಿ ಅಲೆ ಪುಟಿಯುತ್ತಾ ಬರುವಾಗ 1.7 ಕಿಲೋಹರ್ಟ್ಸ್ ಬಳಿ ತಡವಾಗುವುದರಿಂದ ಆ ಬಾಲ ಹುಟ್ಟುತ್ತದೆ. ಕ್ರಿಸ್‌ಮಸ್ ಹಿಂದಿನ ದಿನ ಬೆಳಿಗ್ಗೆ ಸ್ವೀಡನ್ನಿನ ಗ್ರಿಮೆಟನ್ ಕೇಂದ್ರ 1920ರ ದಶಕದ ತಿರುಗುವ ಆಲ್ಟರ್ನೇಟರನ್ನು ಚಾಲೂ ಮಾಡಿ 17.2 ಕಿಲೋಹರ್ಟ್ಸ್‌ನಲ್ಲಿ ಮೋರ್ಸ್ ಕಳಿಸುತ್ತದೆ. ಸಿಗುವುದು ನೀವಿರುವ ದೂರದ ಮೇಲೆ ನಿಂತಿದೆ, ಆದರೆ ಪ್ರಯತ್ನಿಸದೆ ಬಿಡಬೇಡಿ.

ಹ್ಯಾಮ್‌ಗಳು ಅಟ್ಲಾಂಟಿಕ್ ದಾಟಿಸಿದ್ದು ಹೇಗೆ

ನೀವು ಓದಿದ್ದು ಸುಳ್ಳಲ್ಲ. 9 ಕಿಲೋಹರ್ಟ್ಸ್‌ಗಿಂತ ಕೆಳಗಿನ ಹವ್ಯಾಸಿ ಸಂಕೇತಗಳು ಅಟ್ಲಾಂಟಿಕ್ ಸಾಗರ ದಾಟಿವೆ. ಅದರ ಹಿಂದಿರುವುದು ಶಕ್ತಿಯಲ್ಲ, ತಾಳ್ಮೆ ಮತ್ತು ಗಡಿಯಾರ. ಒಂದು ಸೆಕೆಂಡಿನ ಬದಲು ಒಂದು ಗಂಟೆ ಸಂಕೇತವನ್ನು ಹೆಜ್ಜೆ ತಪ್ಪದೆ ಕೂಡಿಸುತ್ತಾ ಹೋದರೆ ಗದ್ದಲಕ್ಕೆ ಹೋಲಿಸಿ 35 ಡೆಸಿಬೆಲ್‌ಗೂ ಹೆಚ್ಚು ಲಾಭ ಬರುತ್ತದೆ. ಆದರೆ 8.27 ಕಿಲೋಹರ್ಟ್ಸ್‌ನಲ್ಲಿ ಒಂದು ಗಂಟೆಗೆ ಸುಮಾರು 3 ಕೋಟಿ ಕಂಪನಗಳು. ಅಷ್ಟರಲ್ಲಿ ಕಾಲು ಕಂಪನದಷ್ಟೂ ವ್ಯತ್ಯಾಸವಾಗದಂತೆ ಎರಡೂ ತುದಿಯ ಗಡಿಯಾರಗಳು ನಡೆಯಬೇಕು. ಸೌಂಡ್ ಕಾರ್ಡಿನ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೂ ಸಾಕು, ಸಂಕೇತ 0.16 ಹರ್ಟ್ಸ್ ಆಚೆ ಹೋಗಿರುತ್ತದೆ. ನೀವು ಹುಡುಕುವ ಆವರ್ತನದ ಕಿಂಡಿಯ ಅಗಲ ಅದರ ಐನೂರರಲ್ಲೊಂದು ಪಾಲೂ ಇರುವುದಿಲ್ಲ.

ಪರಿಹಾರ ಜಿಪಿಎಸ್ ಮಾಡ್ಯೂಲ್. ಸೆಕೆಂಡಿಗೊಂದರಂತೆ ಅದು ಕೊಡುವ ಪಲ್ಸನ್ನು ಸೌಂಡ್ ಕಾರ್ಡಿನ ಎರಡನೇ ಚಾನೆಲ್‌ಗೆ ಕೊಟ್ಟರೆ ಸ್ಪೆಕ್ಟ್ರಮ್ ಲ್ಯಾಬ್‌ನಂಥ ಸಾಫ್ಟ್‌ವೇರ್ ಕಾರ್ಡಿನ ತಪ್ಪನ್ನು ಕ್ಷಣಕ್ಷಣ ಸರಿಪಡಿಸುತ್ತದೆ. 3.3 ವೋಲ್ಟಿನ ಪಲ್ಸನ್ನು ನೇರ ಕೊಡಬೇಡಿ. 10 ಕಿಲೋಓಮ್ ಮತ್ತು 100 ಓಮ್‌ನ ವಿಭಾಜಕದಿಂದ 30 ಮಿಲಿವೋಲ್ಟ್ ಆಸುಪಾಸಿಗೆ ಇಳಿಸಿ. ಇಲ್ಲೊಂದು ಸೂಕ್ಷ್ಮವಿದೆ. ಸೆಕೆಂಡಿಗೊಂದು ಪಲ್ಸ್ ಎಂದರೆ ಪ್ರತಿ ಪೂರ್ಣಾಂಕ ಹರ್ಟ್ಸ್‌ನಲ್ಲೂ ಅದರ ಒಂದೊಂದು ಹಾರ್ಮೋನಿಕ್ ಇರುತ್ತದೆ, ಅದು ಪಕ್ಕದ ಚಾನೆಲ್‌ಗೆ ಸ್ವಲ್ಪವಾದರೂ ಸೋರುತ್ತದೆ. 8270.0ರಲ್ಲಿ ಗಂಟೆಗಟ್ಟಲೆ ಕೂಡಿಸಿದವರು ತಮ್ಮದೇ ಜಿಪಿಎಸ್ಸನ್ನು ಹಿಡಿದು ಸಂಭ್ರಮಿಸಬೇಕಾಗುತ್ತದೆ. 8270.1ರಂಥ ಆವರ್ತನ ಆರಿಸುವುದು ಇದಕ್ಕಾಗಿ. ಸಿಡಿಲಿನ ಚಿಟಿಕೆಗಳನ್ನು ಕತ್ತರಿಸುವ ಬ್ಲಾಂಕರ್ ಅನ್ನೂ ಬಳಸಿ, ಆದರೆ 50 ಹರ್ಟ್ಸ್ ಹಮ್ ತೆಗೆದ ಮೇಲೆ ಮಾತ್ರ. ಹಮ್ ಇದ್ದರೆ ಬ್ಲಾಂಕರಿಗೆ ಯಾವುದು ಚಿಟಿಕೆ, ಯಾವುದು ಹಮ್ಮಿನ ಶಿಖರ ಎಂದು ತಿಳಿಯದು.

ನಿಮ್ಮ 100 ವಾಟ್ ಮತ್ತು 10 ಮೀಟರ್ ಕಂಬ

ಈಗ ಅಪಾಯದ ವಿಷಯ. ‘ಆಡಿಯೊ ಆವರ್ತನ ತಾನೆ’ ಎಂಬ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ.

8.27 ಕಿಲೋಹರ್ಟ್ಸ್‌ನ ಅಲೆಯುದ್ದ 36 ಕಿ.ಮೀ. 10 ಮೀಟರ್ ಎತ್ತರದ ತಂತಿ, ತುದಿಯಲ್ಲಿ 50 ಮೀಟರಿನಷ್ಟು ಅಡ್ಡ ತಂತಿ ಇದೆ ಎನ್ನೋಣ. ಒಟ್ಟು ಕೆಪ್ಯಾಸಿಟೆನ್ಸ್ ಸುಮಾರು 300 ಪಿಕೋಫ್ಯಾರಡ್, ಈ ಆವರ್ತನದಲ್ಲಿ ಅದರ ರಿಯಾಕ್ಟೆನ್ಸ್ 64 ಕಿಲೋಓಮ್. ಅದನ್ನು ರದ್ದು ಮಾಡಲು 1.2 ಹೆನ್ರಿಯ ಕಾಯಿಲ್ ಬೇಕು. ಮಿಲಿಹೆನ್ರಿಯಲ್ಲ, ಹೆನ್ರಿ. 40 ಸೆಂ.ಮೀ. ವ್ಯಾಸ, 60 ಸೆಂ.ಮೀ. ಉದ್ದದ ಡ್ರಮ್ಮಿನ ಮೇಲೆ ಸುಮಾರು 2,400 ಸುತ್ತು, 3 ಕಿ.ಮೀ. ತಂತಿ. 0.5 ಮಿ.ಮೀ. ತಂತಿಯಾದರೆ ಕಾಯಿಲ್ ಒಂದರ ಪ್ರತಿರೋಧವೇ 270 ಓಮ್. ನೆಲದ ನಷ್ಟ ಸೇರಿ 300 ಎನ್ನಿ. 4 ಓಮ್ ಆಂಪ್ಲಿಫೈಯರನ್ನು ಇದಕ್ಕೆ ಹೊಂದಿಸಲು 1ಕ್ಕೆ 8.7ರ ಸುತ್ತಿನ ಅನುಪಾತದ ಟ್ರಾನ್ಸ್‌ಫಾರ್ಮರ್ ಬೇಕು. ಆಗ 100 ವಾಟಿಗೆ ಆಂಟೆನಾದಲ್ಲಿ ಹರಿಯುವುದು 0.58 ಆಂಪಿಯರ್. ಅದನ್ನು 64 ಕಿಲೋಓಮ್‌ನಿಂದ ಗುಣಿಸಿ: ತಂತಿಯ ಮೇಲೆ 37 ಕಿಲೋವೋಲ್ಟ್, ಶಿಖರದಲ್ಲಿ 52.

ಇಷ್ಟೆಲ್ಲ ಮಾಡಿ ಗಾಳಿಗೆ ಹೋಗುವುದೆಷ್ಟು? ವಿಕಿರಣ ಪ್ರತಿರೋಧ 0.00012 ಓಮ್ ಮಾತ್ರ. ಹೊರಸೂಸುವ ಶಕ್ತಿ 40 ಮೈಕ್ರೋವಾಟ್, ಅಂದರೆ ಕೊಟ್ಟದ್ದರ 25 ಲಕ್ಷದಲ್ಲೊಂದು ಪಾಲು. ಉಳಿದದ್ದೆಲ್ಲ ಕಾಯಿಲ್ ಮತ್ತು ಮಣ್ಣಿನ ಬಿಸಿ. ಹಾಗಿದ್ದೂ ಈ 40 ಮೈಕ್ರೋವಾಟನ್ನು ದೂರದಲ್ಲಿ ಹಿಡಿಯಬಹುದು. ಈ ಹವ್ಯಾಸದ ಸೊಗಸೇ ಅದು.

37 ಕಿಲೋವೋಲ್ಟ್ ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳಿ. ತಂತಿಯ ಚೂಪು ತುದಿಗಳಲ್ಲಿ ಕೊರೋನಾ (ಗಾಳಿಗೆ ವಿದ್ಯುತ್ ಸೋರುವಿಕೆ) ಹುಟ್ಟಿ ನೇರಳೆ ಬೆಳಕಿನೊಡನೆ ಸಿರ್ ಎಂದು ಸದ್ದು ಬರುತ್ತದೆ. ಅಲ್ಲಿಂದ ಮರದ ಕಂಬ, ನೈಲಾನ್ ಹಗ್ಗ ಸುಟ್ಟು ಬೆಂಕಿ ಹೊತ್ತಬಹುದು. ಕಾಯಿಲ್ಲಿನ ಪದರಗಳ ನಡುವೆ ಎನಾಮಲ್ ತೂತುಬಿದ್ದು ಇಡೀ ಸುತ್ತು ಹಾಳಾಗುತ್ತದೆ. ಆದ್ದರಿಂದ ಉದ್ದಕ್ಕೂ ಎರಡು ಪದರ ಹಾಕದೆ, ಕಾಯಿಲನ್ನು ಹತ್ತಾರು ಸಣ್ಣ ವಿಭಾಗಗಳಾಗಿ ಸುತ್ತಬೇಕು. ಇಬ್ಬನಿ ಬಿದ್ದ ರಾತ್ರಿ ಇನ್ಸುಲೇಟರ್ ಮೇಲೆ ಕರೆಂಟ್ ಹರಿಯುತ್ತದೆ. ಮನುಷ್ಯ ಮುಟ್ಟಿದರಂತೂ ಮುಗಿಯಿತು. ಮೆಗಾಹರ್ಟ್ಸ್‌ನಲ್ಲಿ ಚರ್ಮ ಸುಡುತ್ತದೆ, 8 ಕಿಲೋಹರ್ಟ್ಸ್‌ನಲ್ಲಿ ಸುಡುವುದರ ಜೊತೆಗೆ ನರ, ಸ್ನಾಯುಗಳೂ ಹಿಡಿದುಕೊಳ್ಳುತ್ತವೆ. ಮಕ್ಕಳು, ಸಾಕುಪ್ರಾಣಿ, ನೆರೆಹೊರೆಯವರು ಓಡಾಡುವ ತಾರಸಿಯ ಮೇಲೆ ಇದನ್ನು ಮಾಡಲೇಬಾರದು. ಕಟ್ಟಡದ ಬದಿಯಲ್ಲಿ ವಿದ್ಯುತ್ ಲೈನ್ ಇದ್ದರೆ ಕಂಬ ಏರಿಸುವ ಯೋಚನೆಯನ್ನೇ ಬಿಡಿ.

ಇನ್ನೊಂದು ಪೀಡೆ ಗಾಳಿ. ಈ ವ್ಯವಸ್ಥೆಯ ಪಟ್ಟಿಯಗಲ ಸುಮಾರು 39 ಹರ್ಟ್ಸ್. ತಂತಿ ತೂಗಾಡಿ ಕೆಪ್ಯಾಸಿಟೆನ್ಸ್ ನೂರಕ್ಕೆ ಒಂದರಷ್ಟು ಬದಲಾದರೆ ರೆಸೊನೆನ್ಸ್ 41 ಹರ್ಟ್ಸ್ ಜಾರುತ್ತದೆ, ಕರೆಂಟ್ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ತಂತಿ ಬಿಗಿಯಾಗಿರಬೇಕು, ಜೊತೆಗೆ ಕಾಯಿಲ್ಲಿನೊಳಗೆ ತಿರುಗುವ ಸಣ್ಣ ಕಾಯಿಲ್ ಅಥವಾ ಹಿಂದೆ ಮುಂದೆ ಸರಿಯುವ ಫೆರೈಟ್ ತುಂಡು ಇಟ್ಟು ಸದಾ ಹೊಂದಿಸುತ್ತಿರಬೇಕು. ಹೀಗೆ ಮಾಡಲೇಬೇಕೆಂದರೆ ಬೇಲಿ ಇರುವ ಸ್ವಂತ ಜಮೀನಿನಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು, 3 ವಾಟಿನಿಂದ ಆರಂಭಿಸಿ. ಅಷ್ಟಕ್ಕೇ 0.1 ಆಂಪಿಯರ್ ಹರಿದು 6.4 ಕಿಲೋವೋಲ್ಟ್ ಏಳುತ್ತದೆ. ಆಂಪ್ಲಿಫೈಯರ್ ಆರಿಸಿದ ಮೇಲೂ ಆಂಟೆನಾವನ್ನು ಉದ್ದ ಕೋಲಿನ ಕೊಕ್ಕೆಯಿಂದ ನೆಲಕ್ಕೆ ಜೋಡಿಸಿಯೇ ಹತ್ತಿರ ಹೋಗಬೇಕು. ಮೋಡ ಕವಿದ ದಿನ ಕೆಲಸ ಬೇಡ.

ನೆಲದ ಸರಳುಗಳು

ಎರಡು ಸರಳುಗಳ ನಡುವೆ ಕರೆಂಟ್ ಮಣ್ಣಿನೊಳಗೆ ಆಳವಾಗಿ ಬಾಗಿ ಹರಿಯುತ್ತದೆ. ಮೇಲಿನ ತಂತಿಯೂ ಆ ದಾರಿಯೂ ಸೇರಿ ಒಂದು ನೆಟ್ಟಗಿನ ಲೂಪ್ ಆಗುತ್ತದೆ. 100 ಓಮ್-ಮೀಟರ್ ಮಣ್ಣಿನಲ್ಲಿ ಅದರ ಪರಿಣಾಮಕಾರಿ ಆಳ ಸುಮಾರು 40 ಮೀಟರ್, ಕಲ್ಲುನೆಲದಲ್ಲಿ 120 ಮೀಟರ್ ದಾಟಬಹುದು. ಕಲ್ಲುನೆಲ ಈ ಲೆಕ್ಕದಲ್ಲಿ ಒಳ್ಳೆಯದು, ಆದರೆ ಅದೇ ನೆಲದಲ್ಲಿ ಸರಳಿನ ಪ್ರತಿರೋಧ ಹತ್ತು ಪಟ್ಟು ಏರುತ್ತದೆ. ಒಳ್ಳೆಯ ಮಣ್ಣಿನಲ್ಲೂ ಒಂದು ಮೀಟರ್ ಸರಳಿಗೆ 80 ಓಮ್ ಇದ್ದೇ ಇರುತ್ತದೆ. ಒಂದು ತುದಿಗೆ ಮೂರು ನಾಲ್ಕು ಸರಳನ್ನು ಒಂದೆರಡು ಮೀಟರ್ ಅಂತರದಲ್ಲಿ ಹೊಡೆದು ಜೋಡಿಸಿದರೆ ಅದು ಇಳಿಯುತ್ತದೆ.

20 ಮೀಟರ್ ಅಂತರದಲ್ಲಿ ದೂರದ ವಿಕಿರಣ ತೀರಾ ಕಡಿಮೆ, 100 ವಾಟಿಗೂ ಹತ್ತಾರು ನ್ಯಾನೋವಾಟ್. ಸಾಗರ ದಾಟುವ ಆಸೆಗೆ ಇದು ಒದಗದು. ಆದರೆ ಹತ್ತಿರದ ಪ್ರಯೋಗಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ. 10 ವಾಟ್ ಕೊಟ್ಟು 0.25 ಆಂಪಿಯರ್ ಹರಿಸಿದರೆ, ಸರಳುಗಳ ಸಾಲಿನಲ್ಲಿ ಅಂಚು ತಿರುಗಿಸಿ ನಿಲ್ಲಿಸಿದ ನಿಮ್ಮ ಲೂಪಿನಲ್ಲಿ 1 ಕಿ.ಮೀ. ದೂರದಲ್ಲಿ ಸುಮಾರು 50 ನ್ಯಾನೋವೋಲ್ಟ್ ಮಟ್ಟದ ಸಂಕೇತ ಹುಟ್ಟುತ್ತದೆ. 1 ಹರ್ಟ್ಸ್ ಅಗಲದಲ್ಲಿ ಪ್ರೀಆಂಪ್ಲಿಫೈಯರಿನ ಗದ್ದಲ ಅದರ ಹತ್ತರಲ್ಲೊಂದು ಪಾಲು, ಸಿಡಿಲಿನದು ಅದಕ್ಕಿಂತ ಜಾಸ್ತಿ. ಕಿಂಡಿಯನ್ನು ಹತ್ತಾರು ಮಿಲಿಹರ್ಟ್ಸ್‌ಗೆ ಇಳಿಸಿ ಹತ್ತು ನಿಮಿಷ ಕಾದರೆ ಗೆರೆ ಮೂಡುತ್ತದೆ. ದೂರ ಇಮ್ಮಡಿಯಾದರೆ ಸಂಕೇತ ಎಂಟರಲ್ಲೊಂದಕ್ಕೆ ಇಳಿಯುವುದರಿಂದ 200, 400, 800 ಮೀಟರ್ ಎಂದು ಹಂತಹಂತವಾಗಿ ಹೋಗಿ ಅಳೆಯಿರಿ. ಅಳತೆ ಲೆಕ್ಕಕ್ಕಿಂತ ಬಹಳ ಹೆಚ್ಚು ಬಂದರೆ ನೆಲದೊಳಗಿನ ನೀರಿನ ಪೈಪೋ ವಿದ್ಯುತ್ ಕೇಬಲ್ಲೋ ಸಂಕೇತವನ್ನು ಹೊತ್ತು ಒಯ್ಯುತ್ತಿದೆ.

ಮನೆಯ ಅರ್ತಿಂಗ್, ನೀರಿನ ಪೈಪ್, ಸಿಡಿಲುನಿರೋಧಕದ ಸರಳು, ಇವುಗಳನ್ನು ಎಲೆಕ್ಟ್ರೋಡ್ ಆಗಿ ಎಂದೂ ಬಳಸಬೇಡಿ. ನೆರೆಮನೆಯ ರಕ್ಷಣಾ ವ್ಯವಸ್ಥೆಯೊಳಗೆ ನಿಮ್ಮ ಕರೆಂಟ್ ಹೋಗುತ್ತದೆ. ಆಂಪ್ಲಿಫೈಯರ್ ಮತ್ತು ಸರಳುಗಳ ನಡುವೆ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಒಂದು ಕಾರಣ ಸುರಕ್ಷತೆ, ಇನ್ನೊಂದು ಆಂಪ್ಲಿಫೈಯರಿನಿಂದ ಡಿಸಿ ಸೋರಿ ಸರಳು ಕೊರೆಯದಂತೆ ತಡೆಯುವುದು. 10 ವಾಟಿಗೇ ಸರಳುಗಳ ನಡುವೆ 40 ವೋಲ್ಟ್ ಇರುತ್ತದೆ, 100 ವಾಟಿಗೆ ಸುಮಾರು 126 ಆಗುತ್ತದೆ. ಆ ವೋಲ್ಟೇಜಿನ ಬಹುಪಾಲು ಸರಳಿನ ಸುತ್ತಲಿನ ಒಂದು ಮೀಟರಿನಲ್ಲೇ ಇಳಿಯುವುದರಿಂದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಹತ್ತಿರ ನಡೆಯುವವರಿಗೆ, ಅದಕ್ಕಿಂತ ಹೆಚ್ಚಾಗಿ ನಾಲ್ಕು ಕಾಲಿನ ಪ್ರಾಣಿಗಳಿಗೆ, ಶಾಕ್ ತಗಲುತ್ತದೆ. ಸುತ್ತ ಬೇಲಿ ಹಾಕಿ, 10 ವಾಟ್ ಮೀರಬೇಡಿ.

ಪರವಾನಗಿ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಟ್ಟಿಯಲ್ಲಿ ಮೊದಲು 9 ಕಿಲೋಹರ್ಟ್ಸ್‌ಗಿಂತ ಕೆಳಗೆ ಯಾರಿಗೂ ಹಂಚಿಕೆ ಇರಲಿಲ್ಲ. 2012ರ ವಿಶ್ವ ರೇಡಿಯೊ ಸಮ್ಮೇಳನದ ಬಳಿಕ 8.3ರಿಂದ 11.3ರವರೆಗಿನ ಭಾಗ ಸಿಡಿಲು ಪತ್ತೆಯಂಥ ಹವಾಮಾನ ವೀಕ್ಷಣೆಗೆ ಹೋಯಿತು. ಹ್ಯಾಮ್‌ಗಳು 8.27ಕ್ಕೆ ಇಳಿದದ್ದು ಆ ಕಾರಣಕ್ಕೆ. ಹಂಚಿಕೆ ಇಲ್ಲ ಎಂದರೆ ಅನುಮತಿ ಇದೆ ಎಂದಲ್ಲ. ಪರವಾನಗಿ ಬೇಕೋ ಬೇಡವೋ ಎಂಬುದನ್ನು ಆಯಾ ದೇಶದ ಕಾನೂನು ಹೇಳುತ್ತದೆ, ಕೆಲವು ದೇಶಗಳು ಇದಕ್ಕಾಗಿಯೇ ಬೇರೆ ಪ್ರಾಯೋಗಿಕ ಅನುಮತಿ ಕೊಡುತ್ತವೆ. ನಿಮ್ಮ ಹ್ಯಾಮ್ ಪರವಾನಗಿ ತಂತಾನೆ ಇದಕ್ಕೆ ಅನ್ವಯಿಸುವುದಿಲ್ಲ. ಹವ್ಯಾಸಿಗಳಿಗೆಂದೇ ಅಂತರರಾಷ್ಟ್ರೀಯ ಹಂಚಿಕೆ ಇರುವ ಕಡಿಮೆ ಆವರ್ತನಗಳು 135.7–137.8 ಮತ್ತು 472–479 ಕಿಲೋಹರ್ಟ್ಸ್. ನಿಮ್ಮ ದೇಶ ಅವನ್ನು ತೆರೆದಿದ್ದರೆ ಪ್ರಸಾರದ ಅಭ್ಯಾಸಕ್ಕೆ 472 ಎಷ್ಟೋ ಮೇಲು. ಅದೇ 300 ಪಿಕೋಫ್ಯಾರಡ್ ತಂತಿಗೆ ಅಲ್ಲಿ 1.2 ಹೆನ್ರಿ ಬೇಡ, ಸುಮಾರು 0.4 ಮಿಲಿಹೆನ್ರಿ ಸಾಕು.

8.27ಕ್ಕೆ ಅರ್ಜಿ ಹಾಕುವುದಾದರೆ ಆವರ್ತನವನ್ನು ಹರ್ಟ್ಸ್‌ವರೆಗೆ ನಿಖರವಾಗಿ, ಪಟ್ಟಿಯಗಲ 1 ಹರ್ಟ್ಸ್‌ಗಿಂತ ಕಡಿಮೆ ಎಂದು, ಆಂಟೆನಾ ಕರೆಂಟು ಮತ್ತು ಹೊರಸೂಸುವ ಶಕ್ತಿಯನ್ನು ಮೈಕ್ರೋವಾಟಿನಲ್ಲಿ, ಪ್ರಸಾರದ ದಿನ ಮತ್ತು ಗಂಟೆಗಳನ್ನು, ತಕ್ಷಣ ನಿಲ್ಲಿಸಲು ಸಂಪರ್ಕಿಸಬಹುದಾದ ಫೋನ್ ಸಂಖ್ಯೆಯನ್ನು ಬರೆಯಿರಿ. 100 ವಾಟ್ ಎಂದಷ್ಟೇ ಬರೆದರೆ ಓದುವವರು ಬೆಚ್ಚಿಬೀಳುತ್ತಾರೆ. ಲೆಕ್ಕದ ಹಾಳೆಯನ್ನೂ ಜೊತೆಗೆ ಲಗತ್ತಿಸಿ. ಆಲಿಸುವುದಕ್ಕೆ ಇಷ್ಟೆಲ್ಲ ಬೇಕಿಲ್ಲ. ಪ್ರೀಆಂಪ್ಲಿಫೈಯರ್ ಕಟ್ಟಿ ಮುಗಿಸಿ, ಮೇನ್ ಸ್ವಿಚ್ ಇಳಿಸಿದಾಗಿನ ವಾಟರ್‌ಫಾಲ್ ಮತ್ತು 19.8ರ 24 ಗಂಟೆಯ ದಾಖಲೆ ಎರಡನ್ನೂ ಕಳಿಸಿದರೆ, ಉಳಿದ ಗೆರೆಗಳಲ್ಲಿ ಯಾವುದು ಎಲ್ಲಿಂದ ಬರುತ್ತಿದೆ ಎಂದು ಒಟ್ಟಿಗೆ ನೋಡಬಹುದು.